ಸಹಾಯ ಬೇಕು: ಕನ್ನಡ ಸ್ಪೆಲ್ ಚೆಕ್ ಕೆಲಸಕ್ಕೆ ಬಂದ ಹೊಸಬರು ಯಾಕೆ ನಿಲ್ಲುತ್ತಿಲ್ಲ?

ನಮಸ್ಕಾರ ಎಲ್ಲರಿಗೂ. ನಾವು ಮೂವರು ಸೇರಿ ಹನ್‌ಸ್ಪೆಲ್ ಅನ್ನುವ ಸ್ಪೆಲ್ ಚೆಕ್ ತಂತ್ರಾಂಶಕ್ಕೆ ಕನ್ನಡ ಪದಪಟ್ಟಿ ಮಾಡುತ್ತಿದ್ದೇವೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡರಲ್ಲೂ ಕಾಗುಣಿತ ನೋಡುವುದು ಇದೇ. ಪದ ಸೇರಿಸುವುದು ಸುಲಭ, ಕಷ್ಟ ಇರುವುದು ಪ್ರತ್ಯಯದ ಫೈಲಲ್ಲಿ: ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರಿಗೂ ಅಂತ ಒಂದು ಪದ ಬೆಳೆಯುತ್ತಲೇ ಹೋಗುತ್ತದೆ, ಅದನ್ನೆಲ್ಲ ನಿಯಮವಾಗಿ ಬರೆಯಬೇಕು.

ನಮ್ಮ ಫೈಲುಗಳಿರುವ ಗಿಟ್‌ಹಬ್ ತಾಣದಲ್ಲಿ ಹೊಸಬರಿಗೆ ಆಗುವ ಸುಲಭ ಕೆಲಸಗಳಿಗೆ ‘ಗುಡ್ ಫಸ್ಟ್ ಇಶ್ಯೂ’ ಲೇಬಲ್ ಹಾಕಿದ್ದೇವೆ. ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ (ಮುಕ್ತ ತಂತ್ರಾಂಶಗಳಿಗೆ ಕೈಜೋಡಿಸುವ ಒಂದು ತಿಂಗಳ ಅಭಿಯಾನ) ಅಂತ ಜನ ಬರುತ್ತಾರೆ, ನವೆಂಬರ್‌ಗೆ ಯಾರೂ ಇರುವುದಿಲ್ಲ. ಕಳೆದ ಸಲ ಒಬ್ಬ ವಿದ್ಯಾರ್ಥಿನಿ ಅಡಿಕೆ ತೋಟದ ನಲವತ್ತು ಪದ ಕಳಿಸಿದ್ದರು. ಕೊನೆಗಾರ, ದೋಟಿ, ಹೀಗೆ. ಒಂದೂ ನಮ್ಮ ಪಟ್ಟಿಯಲ್ಲಿ ಇರಲಿಲ್ಲ! ನಾವು ನೋಡುವಷ್ಟರಲ್ಲಿ ಮೂರು ವಾರ ಆಗಿತ್ತು, ಆಮೇಲೆ ಅವರು ಬರಲೇ ಇಲ್ಲ. ತಪ್ಪು ನಮ್ಮದೇ, ಇವತ್ತಿಗೂ ಬೇಜಾರಿದೆ.

ಪ್ರಾಜೆಕ್ಟ್ ನಡೆಸುವವರು ದಯವಿಟ್ಟು ಹೇಳಿ: ಹೊಸಬರು ಕಳಿಸುವ ಮೊದಲ ಪ್ಯಾಚ್‌ಗೆ (ತಿದ್ದುಪಡಿಗೆ) ಎಷ್ಟು ದಿನದಲ್ಲಿ ಉತ್ತರ ಕೊಡುತ್ತೀರಿ? ಎರಡನೇ ಕೆಲಸ ನೀವೇ ಸೂಚಿಸುತ್ತೀರಾ, ಅವರೇ ಹುಡುಕಿಕೊಳ್ಳಲಿ ಅಂತ ಬಿಡುತ್ತೀರಾ? ಕನ್ನಡ ಚೆನ್ನಾಗಿ ಬಲ್ಲ, ಆದರೆ ಕೋಡ್ ಗೊತ್ತಿಲ್ಲದ ಮೇಷ್ಟ್ರುಗಳಿಗೆ ಗಿಟ್ (ಫೈಲುಗಳ ಬದಲಾವಣೆಯ ಲೆಕ್ಕ ಇಡುವ ಸಾಧನ) ಕಲಿಸಬೇಕಾ, ಸುಮ್ನೆ ಪದ ತುಂಬಲು ಒಂದು ಶೀಟ್ ಕೊಟ್ಟರೆ ಸಾಕಾ? ವಾರಕ್ಕೆ ಒಂದು ಗಂಟೆ ಹೊಸಬರ ಪ್ಯಾಚ್ ನೋಡಿಕೊಡುವವರು ಇದ್ದರೆ ಇಲ್ಲೇ ತಿಳಿಸಿ.