ಡೈವೋರ್ಸ್ ಆದಮೇಲೆ ಆಧಾರ್, ಪಾಸ್‌ಪೋರ್ಟ್, ಬ್ಯಾಂಕ್ ಸರಿ ಮಾಡಿಸಿಕೊಂಡವರು ದಯವಿಟ್ಟು ಅನುಭವ ಹೇಳಿ

ಮೈಸೂರಿನ ಮಗಳು:
ನಾಲ್ಕು ತಿಂಗಳ ಹಿಂದೆ ಪರಸ್ಪರ ಒಪ್ಪಿಗೆಯಲ್ಲಿ, ಹಿಂದೂ ವಿವಾಹ ಕಾಯ್ದೆಯ 13ಬಿ ಕೆಳಗೆ ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಆಯಿತು. ಆಧಾರ್‌ನಲ್ಲಿ ನನ್ನ ಹೆಸರಿನ ಕೊನೆಗೆ ಇನ್ನೂ ಅವರ ಮನೆತನದ ಹೆಸರೇ ಇದೆ, ಪಾಸ್‌ಪೋರ್ಟ್‌ನಲ್ಲೂ ಅದೇ. ಬ್ಯಾಂಕಿಗೆ ಹೋದರೆ ‘ಡೈವೋರ್ಸ್ ಸರ್ಟಿಫಿಕೇಟ್ ತನ್ನಿ’ ಅಂತಾರೆ. ನನ್ನ ಹತ್ತಿರ ಇರೋದು ಕೋರ್ಟಿನ ವೆಬ್‌ಸೈಟಿಂದ ತೆಗೆದ ಪ್ರಿಂಟು ಮಾತ್ರ. ಯಾವ ಕಾಗದ ಬೇಕು, ಎಷ್ಟು ಪ್ರತಿ ಬೇಕು, ಮೊದಲು ಯಾವುದನ್ನ ಮಾಡಿಸಲಿ?

ತುಮಕೂರು ಟೀಚರ್:
ಆ ಪ್ರಿಂಟು ಎಲ್ಲೂ ನಡೆಯಲ್ಲ ಕಣಮ್ಮ. ಸರ್ಟಿಫಿಕೇಟ್ ಅಂತ ಬೇರೆ ಏನೂ ಕೊಡಲ್ಲ, ಸೀಲು ಬಿದ್ದ ಡಿಕ್ರಿಯ ಸರ್ಟಿಫೈಡ್ ಕಾಪಿಯೇ ಎಲ್ಲದಕ್ಕೂ. ನಾನು ಅದನ್ನೇ ಹಿಡಿದುಕೊಂಡು ಹೋದೆ, ಆದರೂ ಏಳು ತಿಂಗಳು ಅಲೆದೆ. ಡಿಕ್ರಿಯಲ್ಲಿ ನನ್ನ ಹೆಸರಿಗೆ ‘ಕೆ.ಎನ್.’ ಅಂತ ಇನಿಷಿಯಲ್ಲು, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಇಬ್ಬರೂ ಒಬ್ಬರೇ ಅಂತ ಹೇಗೆ ನಂಬೋದು ಅಂತ ಹೋದ ಕಡೆಯೆಲ್ಲ ಅಂದರು. 200 ಕೊಟ್ಟು ನೋಟರಿ ಅಫಿಡವಿಟ್ ಮಾಡಿಸಿದೆ, ಮುಟ್ಟಿಯೂ ನೋಡಲಿಲ್ಲ. ಕೊನೆಗೆ ಡಿಕ್ರಿಯಲ್ಲಿನ ಬರವಣಿಗೆ ತಪ್ಪು ತಿದ್ದಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಂನಲ್ಲಿ ಅರ್ಜಿ ಹಾಕಿಸಿದೆ. ವಕೀಲರಿಗೆ 6,000, ಗುಮಾಸ್ತರಿಗೆ ಹೋದಾಗಲೆಲ್ಲ 100, 200. ಎದುರು ಪಾರ್ಟಿಗೆ ನೋಟಿಸ್ ಹೋಗಬೇಕು ಅಂದಾಗ ಕೈಕಾಲು ತಣ್ಣಗಾಯಿತು. ಯಾರ ಮುಖ ಇನ್ನು ನೋಡಬಾರದು ಅಂತ ಸಹಿ ಹಾಕಿ ಬಂದಿದ್ದೆನೋ ಅದೇ ಮನುಷ್ಯ ಮೂರು ಸಲ ಬರಲೇ ಇಲ್ಲ, ನಾಲ್ಕನೇ ಸಲ ಬಂದು ‘ತಕರಾರಿಲ್ಲ’ ಅಂದ. ಬಸ್ಸೇನೋ ಶಕ್ತಿ ಯೋಜನೆಯಲ್ಲಿ ಉಚಿತ. ಖಾಸಗಿ ಶಾಲೆಯಲ್ಲಿ ಒಂಬತ್ತು ದಿನದ ಸಂಬಳ ಕಟ್. ಎರಡು ಅಕ್ಷರಕ್ಕೆ!

ದಾವಣಗೆರೆ ಅಣ್ಣ:
ನಾನು ಐದು ಸರ್ಟಿಫೈಡ್ ಕಾಪಿ ಒಟ್ಟಿಗೇ ತೆಗೆಸಿದೆ. ಗುಮಾಸ್ತನಿಗೆ 2,500 ಕೊಟ್ಟೆ, ಮೂರೇ ದಿನಕ್ಕೆ ಕೈಗೆ ಬಂತು. ಆದರೆ ಎಲ್ಲರೂ ಮರೆಯೋದು ನಾಮಿನಿ. ಪಿಎಫ್‌ನಲ್ಲೂ ಎಫ್‌ಡಿಯಲ್ಲೂ ನನ್ನ ನಾಮಿನಿ ಎರಡು ವರ್ಷ ಮಾಜಿ ಹೆಂಡತಿಯೇ ಆಗಿದ್ದಳು. ಡಿಕ್ರಿ ಆದ ಮಾತ್ರಕ್ಕೆ ಅಲ್ಲಿನ ಹೆಸರು ತಾನಾಗಿ ಹೋಗಲ್ಲ. ಎದೆನೋವು ಬಂದು ಆಸ್ಪತ್ರೆ ಸೇರಿದ ರಾತ್ರಿ ಸ್ಟ್ರೆಚರ್ ಮೇಲೆ ಮಲಗಿದ್ದಾಗ ಅದು ನೆನಪಾಯಿತು. ಪಕ್ಕದಲ್ಲಿ ಅಮ್ಮ ಕೂತಿದ್ದರು. ಅವರಿಗೆ ಹೇಗೆ ಹೇಳಲಿ? ಡಿಸ್ಚಾರ್ಜ್ ಆಗಿ ಮನೆಗೂ ಹೋಗದೆ ಬ್ಯಾಂಕಿಗೆ ಹೋದೆ. ಎಫ್‌ಡಿಯ ನಾಮಿನಿ ಬದಲಿಸಲು ಬ್ಯಾಂಕಿನ ಫಾರಂ ಸಾಕಾಯಿತು, ಅದಕ್ಕೆ ಡಿಕ್ರಿಯೇ ಬೇಕಾಗಲಿಲ್ಲ.

ಮಂಗಳೂರಿನವಳು:
2,500 ಯಾಕೆ ಕೊಟ್ಟಿರಿ? ಹಿಂದೂ ವಿವಾಹ ಕಾಯ್ದೆಯ 23(4) ಪ್ರಕಾರ ವಿಚ್ಛೇದನದ ಡಿಕ್ರಿ ಕೊಟ್ಟ ಕೋರ್ಟೇ ಇಬ್ಬರಿಗೂ ಒಂದೊಂದು ಪ್ರತಿ ಉಚಿತವಾಗಿ ಕೊಡಬೇಕು. ನಾನು ಕಲಂ ಬರೆದು ಅರ್ಜಿ ಕೊಟ್ಟೆ, ಸಿಕ್ಕಿತು. ಹೆಚ್ಚುವರಿ ಪ್ರತಿಗೆ ರಸೀದಿ ಇರುವ ಶುಲ್ಕ ಮಾತ್ರ ಕಟ್ಟಿದೆ. ಇನ್ನು ಪಾಸ್‌ಪೋರ್ಟ್. 2016ರ ಡಿಸೆಂಬರ್‌ನಲ್ಲೇ ನಿಯಮ ಸಡಿಲಿಸಿದ್ದಾರೆ, ವಿಚ್ಛೇದಿತರು ಸಂಗಾತಿಯ ಹೆಸರು ತುಂಬಬೇಕಿಲ್ಲ, ಅದಕ್ಕೆ ಡಿಕ್ರಿ ತೋರಿಸಬೇಕಿಲ್ಲ. ನಿಮ್ಮ ಹೆಸರನ್ನೇ ಬದಲಿಸುವುದಾದರೆ ಮಾತ್ರ ಡಿಕ್ರಿ ಬೇಕು.

ದಾವಣಗೆರೆ ಅಣ್ಣ:
ಉಚಿತದ್ದನ್ನ ನಾನೂ ಕೇಳಿದ್ದೆ ಮೇಡಂ. ‘ಮುಂದಿನ ವಾರ ಬನ್ನಿ’ ಅಂತ ಐದು ವಾರ ತಿರುಗಿಸಿದರು. ಅಂಗಡಿ ಬಾಗಿಲು ಹಾಕಿಕೊಂಡು ಹೋದವನ ಕಷ್ಟ ಕಲಂ ಬಾಯಿಪಾಠ ಮಾಡಿದವರಿಗೆ ಗೊತ್ತಾಗಲ್ಲ.

ತುಮಕೂರು ಟೀಚರ್:
ಐದು ವಾರಕ್ಕೇ ಹೀಗಂತೀರಾ? ಗಂಡಸರಿಗೆ ಮದುವೆಯಾದರೂ ಹೆಸರು ಬದಲಾಗಲ್ಲ, ಬಿಟ್ಟರೂ ಬದಲಾಗಲ್ಲ. ನಿಮ್ಮ ಅಂಕಪಟ್ಟಿ, ಪ್ಯಾನ್, ಆಧಾರ್ ಎಲ್ಲದರಲ್ಲೂ ನೀವು ಒಬ್ಬರೇ. ನಾವು ಮೂರು ಜನ.

ಹುಬ್ಬಳ್ಳಿ ಕಡೆಯಾಕಿ:
ನಿಮಗೆಲ್ಲಾ ಕೋರ್ಟಿನ ಕಾಗದರೆ ಅದಾವು. ನಂದು 2011ರಾಗ ಐದು ಮಂದಿ ಹಿರ್ಯಾರು ಕುಂತು ಛಾಪಾ ಕಾಗದದ ಮ್ಯಾಲೆ ಬರಸಿದ ಸೋಡಚೀಟಿ, ಅಂದ್ರ ಗಂಡ ಹೆಂಡ್ತಿ ಬಿಟ್ಟ ಕಾಗದ. ನಮ್ಮ ಚಿಗವ್ವಗೂ ಅದ ನಡದಿತ್ತು. ಮುಂದ ಎರಡನೇ ಲಗ್ನ ಆತು, ಎರಡು ಮಕ್ಕಳಾದ್ವು. ರೇಷನ್ ಕಾರ್ಡಿನಾಗ ನನ್ನ ಹೆಸರು ಹಳೇ ಅತ್ತಿ ಕಡೇನ ಉಳೀತು. ಆಕಿ ತಗಸಲಿಲ್ಲ, ಅಲ್ಲಿ ತಗೀದ ಇಲ್ಲಿ ಸೇರಸಾಕ ಬರಂಗಿಲ್ಲ. 2023ರಾಗ ಗೃಹಲಕ್ಷ್ಮಿ 2,000 ಶುರು ಆದಾಗ ಓಣಿ ಹೆಣ್ಮಕ್ಕಳೆಲ್ಲಾ ಅರ್ಜಿ ಹಾಕಿದ್ರು, ನಾ ಬಾಗಲದಾಗ ನಿಂತು ನೋಡಿದೆ. ಆಫೀಸಿನಾಗ ಸೋಡಚೀಟಿ ತೋರ್ಸಿದ್ರ ‘ಇದು ನಡಿಯಂಗಿಲ್ಲ’ ಅಂದ್ರು. ಕೋರ್ಟಿಗೆ ಹೋದೆ. ಆ ಐದು ಮಂದ್ಯಾಗ ಇಬ್ಬರು ತೀರಿಕೊಂಡಿದ್ರು, ಒಬ್ಬಾಂವ ಸಾಕ್ಷಿ ಹೇಳಾಕ 3,000 ಕೇಳಿದ. ಕಿವ್ಯಾಗಿನ ಬೆಂಡವಾಲಿ ಒತ್ತಿ ಇಟ್ಟು ಕೊಟ್ಟೆ.

ಮಂಗಳೂರಿನವಳು:
ಬೇಸರ ಮಾಡಬೇಡಿ, ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಂಡದ್ದು ವಿಚ್ಛೇದನವೇ ಅಲ್ಲ. ಹಾಗೆ ನೋಡಿದರೆ ನಿಮ್ಮ ಎರಡನೇ ಮದುವೆಯೂ ಊರ್ಜಿತ ಅಲ್ಲ.

ಹುಬ್ಬಳ್ಳಿ ಕಡೆಯಾಕಿ:
ನನ್ನ ಮಕ್ಕಳ ಸುದ್ದಿಗೆ ಬರಬ್ಯಾಡ. ಅದ ಕಾಯ್ದೆದಾಗ 29(2) ಓದು. ರೂಢಿಯಿಂದ ಬಂದ ಬಿಡುಗಡಿನ ಕಾಯ್ದೆ ಉಳಿಸೇತಿ. ನಮ್ಮ ಮಂದ್ಯಾಗ ಆ ರೂಢಿ ಐತಿ ಅಂತ ಸಾಬೀತು ಮಾಡಬೇಕು ಅಷ್ಟ. ನಾ ಮಾಡೀನಿ, ಜಡ್ಜ್ ಸಾಹೇಬ್ರು ಒಪ್ಪಿ ಬರದಾರ. ನೀ ಯಾವಾಕಿ ಇಲ್ಲ ಅನ್ನಾಕಿ?

ಸ್ಟುಟ್‌ಗಾರ್ಟ್ ಕನ್ನಡಿಗ:
ವಿದೇಶಕ್ಕೆ ತರುವವರು ಇಷ್ಟಕ್ಕೇ ನಿಲ್ಲಿಸಬೇಡಿ. ನಾನು ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ವಿದೇಶದಲ್ಲಿ ತೋರಿಸಲು ದಾಖಲೆ ಅಸಲಿ ಎನ್ನುವ ಮುದ್ರೆ, ಮಾಡಿಸಿದೆ. ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ 50 ರೂಪಾಯಿ, ಏಜೆಂಟ್ ನನ್ನಿಂದ ತೆಗೆದುಕೊಂಡದ್ದು 7,800. ಡಿಕ್ರಿ ಕನ್ನಡದಲ್ಲಿತ್ತು. ಕನ್ನಡದಿಂದ ನೇರ ಜರ್ಮನ್‌ಗೆ ಮಾಡುವ ಅಧಿಕೃತ ಅನುವಾದಕರು ನನಗೆ ಸಿಗಲಿಲ್ಲ, ಇಂಗ್ಲಿಷ್ ಮಾಡಿಸಿ ಮತ್ತೆ ಜರ್ಮನ್ ಮಾಡಿಸಿದೆ, ಎರಡಕ್ಕೂ ದುಡ್ಡು.

ತುಮಕೂರು ಟೀಚರ್:
ಆ ಹುಡುಗಿ ಮೈಸೂರಲ್ಲಿದ್ದಾಳೆ, ಜರ್ಮನಿ ಯಾಕೆ ಈಗ? ಮಗಳೇ, ಒಂದು ಮಾತು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಅಲ್ಲಿಗೆ ಹೋಗುವ ಮುಂಚೆ ಡಿಕ್ರಿಯಲ್ಲಿ ನಿನ್ನ ಹೆಸರು ಹೇಗಿದೆ ಅಂತ ಅಕ್ಷರ ಅಕ್ಷರ ನೋಡು.

ಮೈಸೂರಿನ ಮಗಳು:
ಈಗ ನೋಡಿದೆ. ಹೆಸರಿನಲ್ಲಿ ‘ಶ್ರೀ’ ಇರಬೇಕಾದ ಕಡೆ ‘ಸಿರಿ’ ಅಂತ ಟೈಪಾಗಿದೆ. ಅರ್ಜಿಯಲ್ಲಿ ಸರಿಯಾಗೇ ಇತ್ತು. ಮದುವೆಯಾದ ವರ್ಷ ಆಧಾರ್‌ನಲ್ಲಿ ಒಂದು ಸಲ ಬದಲಿಸಿಬಿಟ್ಟಿದ್ದೇನೆ, ಉಳಿದಿರೋದು ಒಂದೇ. ಟೀಚರ್, ನಿಮ್ಮ 152 ಅರ್ಜಿಯ ನಕಲು ಇದ್ದರೆ ಕಳಿಸ್ತೀರಾ?

ತುಮಕೂರು ಟೀಚರ್:
ಫೈಲು ಅಟ್ಟದ ಮೇಲಿದೆ. ಭಾನುವಾರ ಇಳಿಸಿ, ಫೋಟೊ ತೆಗೆದು ಕಳಿಸ್ತೀನಿ.