ಮನೆಯಲ್ಲೇ ನಮ್ಮ ಬಟ್ಟೆ ಹೊಲಿಯೋದು ಕಲಿತವರು ಅನುಭವ ಹೇಳಿ

ಶಿವಮೊಗ್ಗದ ಹೊಸಬಳು:
ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಗುಂಡಿ ಹಾಕೋದು ಬಿಟ್ಟರೆ ಹೊಲಿಗೆ ಗೊತ್ತಿಲ್ಲ. ಮೊದಲು ಕಾಟನ್ ಕುರ್ತಾ, ಆಮೇಲೆ ರವಿಕೆ ನಾನೇ ಹೊಲಿದುಕೊಳ್ಳಬೇಕು ಅಂತ ಆಸೆ. ಎರಡು ರೂಮಿನ ಬಾಡಿಗೆ ಮನೆ, ಮಿಷಿನ್ ಮಂಚದ ಕೆಳಗೆ ಹಿಡಿಯಬೇಕು. 8,000ದ ತನಕ ಖರ್ಚು ಮಾಡಬಲ್ಲೆ. ಎಲ್ಲಿಂದ ಶುರು ಮಾಡಲಿ?

ಹಾಸನದ ಅಕ್ಕ:
ತುಳಿಯುವ ಮಿಷಿನ್ ತಗೊಳ್ಳಿ, ಬೇರೆ ಮಾತೇ ಬೇಡ. ನಾನು 2021ರಲ್ಲಿ ಪಕ್ಕದ ಬೀದಿಯವರ ಹಳೆ ಮಿಷಿನ್ 3,200ಕ್ಕೆ ತಗೊಂಡೆ. ಬೆಲ್ಟ್ 120, ಎಣ್ಣೆ 40, ಬಾಬಿನ್ ಕೇಸ್ (ಕೆಳಗಿನ ದಾರದ ಉರುಳೆ ಕೂರೋ ಡಬ್ಬಿ) ಸವೆದಿತ್ತು ಅದಕ್ಕೆ 90, ರಿಪೇರಿಯವರು ಮನೆಗೆ ಬಂದಿದ್ದಕ್ಕೆ 350. ಒಟ್ಟು 3,800. ಇವತ್ತಿಗೂ ಓಡುತ್ತಿದೆ.

ಮೊದಲ ಹತ್ತು ದಿನ ದಾರ ಹಾಕಲೇ ಇಲ್ಲ. ಮಗನ ಹಳೇ ನೋಟ್‌ಬುಕ್ಕಿನ ಗೆರೆ ಹಾಳೆ ಮೇಲೆ ಬರೀ ಸೂಜಿ ಓಡಿಸಿದೆ. ತೂತು ಗೆರೆ ಮೇಲೇ ಬೀಳಬೇಕು. ಕಾಲಿನ ಲಯ ತಪ್ಪಿದರೆ ಚಕ್ರ ಹಿಂದಕ್ಕೆ ತಿರುಗಿಬಿಡುತ್ತಿತ್ತು. ದಾರ ಇದ್ದಾಗ ಹಾಗಾದರೆ ಪಟ್ ಅಂತ ತುಂಡಾಗುತ್ತೆ. ಆ ಸೂಜಿ ಆಮೇಲೆ ಬಟ್ಟೆಗೆ ಬರಲ್ಲ, ಕಾಗದ ಹೊಲಿದು ಮೊಂಡಾಗಿರುತ್ತೆ, ಬದಲಾಯಿಸಿ.

ನಾಲ್ಕು ರವಿಕೆ ಹಾಳು ಮಾಡಿದೆ. ಕಂಕುಳಲ್ಲಿ ಬಿಗಿ ಅನ್ನಿಸಿತು ಅಂತ ಅರ್ಧ ಇಂಚು ಇಳಿಸಿ ಕತ್ತರಿಸಿದೆ. ಕೈ ಎತ್ತಿದರೆ ಇಡೀ ರವಿಕೆ ಮೇಲಕ್ಕೆ ಬಂತು. ಮುಂದಿನದಕ್ಕೆ ಇನ್ನೂ ಇಳಿಸಿದೆ. ಇನ್ನೂ ಜಾಸ್ತಿ ಎಳೆಯಿತು. ಕಂಕುಳ ಸುತ್ತು ಕೆಳಗಿಳಿದಷ್ಟೂ ಕೈ ಎತ್ತಿದಾಗ ಬಟ್ಟೆ ಎಳೆಯುತ್ತೆ, ಅದು ಮೈಗೆ ಹತ್ತಿರವೇ ಇರಬೇಕು ಅಂತ ನಾಲ್ಕು ಪೀಸ್ ಹೋದ ಮೇಲೆ ತಿಳಿಯಿತು. ಐದನೆಯದನ್ನು ಹಾಕಿಕೊಂಡೇ ತಂಗಿ ಮದುವೆಯಲ್ಲಿ ಓಡಾಡಿದೆ. ಯಾವ ಟೈಲರ್ ಹೊಲಿದಿದ್ದು ಅಂತ ಮೂರು ಜನ ಕೇಳಿದರು.

ತುಮಕೂರಿನಿಂದ:
ಅಕ್ಕ, ತುಳಿಯುವ ಮಿಷಿನ್ ಮಂಚದ ಕೆಳಗೆ ಹೇಗೆ ಇಡ್ತಾರೆ? ಅವರು ಕೇಳಿದ್ದೇ ಅದು ಅಲ್ವಾ.

ಆದರೆ ನನ್ನ ಹಾಗೆ ದುಬಾರಿ ಮಿಷಿನ್‌ಗೂ ಹೋಗಬೇಡಿ. 16,500 ಕೊಟ್ಟೆ, ಕಂತಿನಲ್ಲಿ. 21 ಬಗೆ ಹೊಲಿಗೆ ಬರುತ್ತೆ ಅಂದರು. ಮೂರು ವರ್ಷದಲ್ಲಿ ನಾನು ಉಪಯೋಗಿಸಿದ್ದು ಎರಡೇ, ನೇರ ಹೊಲಿಗೆ ಮತ್ತು ಜಿಗ್‌ಜಾಗ್. ಮೊದಲ ತಿಂಗಳೇ ಬಟ್ಟೆಯ ಕೆಳಗೆ ದಾರ ಗುಂಜು ಕಟ್ಟೋಕೆ ಶುರುವಾಯಿತು. ನಾಲ್ಕು ಹೊಲಿಗೆಗೆ ಒಂದು ಗುಂಜು. ಕೆಳಗೆ ಗುಂಜು ಬಂದರೆ ಬಾಬಿನ್‌ದೇ ತಪ್ಪು ಅಂದುಕೊಂಡು ಬಾಬಿನ್ ಬದಲಾಯಿಸಿದೆ. ರಿಪೇರಿಗೆ ಮೂರು ಸಲ ಒಯ್ದೆ, ಸಲಕ್ಕೆ 450. ಅಂಗಡಿಯಲ್ಲಿ ಅವರ ಕೈಯಲ್ಲಿ ಸರಿಯಾಗಿ ಓಡುತ್ತೆ, ಮನೆಗೆ ಬಂದರೆ ಮತ್ತೆ ಅದೇ. 1,350 ಹೋಯಿತು. ಕೊನೆಗೆ ಮೇಲಿನ ಮನೆಯ ಆಂಟಿ ನಾನು ದಾರ ಹಾಕೋದನ್ನ ನಿಂತು ನೋಡಿದರು. ನಾನು ಫುಟ್, ಅಂದರೆ ಬಟ್ಟೆ ಒತ್ತಿ ಹಿಡಿಯೋ ಪಾದ, ಇಳಿಸಿಕೊಂಡೇ ದಾರ ಹಾಕುತ್ತಿದ್ದೆ. ಹಾಗೆ ಮಾಡಿದರೆ ಮೇಲಿನ ದಾರ ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಶನ್ ಬಿಲ್ಲೆಗಳ ನಡುವೆ ಕೂರೋದೇ ಇಲ್ಲ, ಸಡಿಲವಾಗಿ ಹೋಗಿ ಕೆಳಗೆ ಗುಂಜಾಗುತ್ತೆ. ಫುಟ್ ಎತ್ತಿ ದಾರ ಹಾಕಿದೆ, ಅವತ್ತೇ ನಿಂತಿತು. ಮಾರಿದವರಾಗಲಿ ರಿಪೇರಿಯವರಾಗಲಿ ಇಷ್ಟು ಹೇಳಬಾರದಿತ್ತಾ? ನನಗೆ ಇನ್ನೂ ಹೊಟ್ಟೆ ಉರಿಯುತ್ತೆ.

ದಾವಣಗೆರೆ ಟೈಲರ್:
ಅಕ್ಕಂದಿರೇ, ನಾನು 22 ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ. ಕಲೀರಿ, ಬೇಡ ಅನ್ನಲ್ಲ. ಆದರೆ ಮನೆಯಲ್ಲಿ ಹೊಲಿದರೆ ದುಡ್ಡು ಉಳಿಯುತ್ತೆ ಅನ್ನೋರು ಲೆಕ್ಕ ಕೇಳಿ. ಲೈನಿಂಗ್ ರವಿಕೆಗೆ ನಾನು 450 ತಗೋತೀನಿ. ಅದರಲ್ಲಿ ಲೈನಿಂಗ್ ಬಟ್ಟೆ 70. ಹುಕ್ಸ್, ಹೆಮ್ಮಿಂಗ್ ಮಾಡೋ ಹೆಣ್ಣುಮಕ್ಕಳಿಗೆ 50. ದಾರ, ಕರೆಂಟು, ಅಂಗಡಿ ಬಾಡಿಗೆ ಕಳೆದರೆ ನನ್ನ ಕೈಗೆ 200 ಉಳಿದರೆ ಹೆಚ್ಚು. ಮೂರು ಗಂಟೆ ಬೆನ್ನು ಬಗ್ಗಿಸಿದ್ದಕ್ಕೆ. ಮೊನ್ನೆ ಒಬ್ಬರು ಮನೆಯಲ್ಲಿ ಕತ್ತರಿಸಿದ ಪೀಸ್ ತಂದು ಸರಿ ಮಾಡಿಕೊಡಿ ಅಂದರು. ಕತ್ತರಿಸಿದ್ದನ್ನ ಎಲ್ಲಿಂದ ಜೋಡಿಸಲಿ?

ಮೈಸೂರಿನಿಂದ:
ನಿಮ್ಮ ಕಷ್ಟ ಅರ್ಥವಾಗುತ್ತೆ ಅಣ್ಣ, ಆದರೆ ನಮ್ಮ ಕಷ್ಟ ಯಾರಿಗೆ ಹೇಳೋದು? ಅಣ್ಣನ ಮಗನ ಮುಂಜಿಗೆ ಐದು ರವಿಕೆ ಒಂದು ತಿಂಗಳು ಮೊದಲೇ ಕೊಟ್ಟಿದ್ದೆ. ಏಳು ಸಲ ಹೋದೆ. ಪ್ರತಿ ಸಲ ‘ಕಾಜಾ ಒಂದು ಬಾಕಿ’. ಕೈಗೆ ಬಂದಿದ್ದು ಮುಂಜಿ ಮುಗಿದ ಎರಡು ದಿನಕ್ಕೆ. ರೇಷ್ಮೆ ರವಿಕೆಯ ತೋಳು ಅದಲುಬದಲು, ಎಡದ್ದು ಬಲಕ್ಕೆ. ಮುಂಭಾಗದ ತಗ್ಗು ಹಿಂದೆ ಹೋಗಿ ಭುಜ ಎಳೆಯುತ್ತೆ. 2,900 ತಗೊಂಡಿದ್ದರು. ಅವತ್ತು ರಾತ್ರಿಯೇ ಮಿಷಿನ್ ನೋಡೋಕೆ ಶುರು ಮಾಡಿದೆ. ಆ ತೋಳು ಬಿಚ್ಚಿ ಮತ್ತೆ ಕೂರಿಸಿದ್ದೇ ನನ್ನ ಮೊದಲ ಹೊಲಿಗೆ.

ದಾವಣಗೆರೆ ಟೈಲರ್:
ಮೇಡಂ, ಒಬ್ಬರು ತಪ್ಪು ಮಾಡಿದ್ದಕ್ಕೆ ಎಲ್ಲ ಟೈಲರ್‌ಗಳನ್ನ ಬೈಯಬೇಡಿ. ಮದುವೆ, ಮುಂಜಿ ಸೀಸನ್‌ನಲ್ಲಿ ನಾವು ರಾತ್ರಿ ಎರಡಕ್ಕೆ ಮಲಗೋದು.

ಮೈಸೂರಿನಿಂದ:
ಹಾಗಾದರೆ ಒಪ್ಪಿಕೊಳ್ಳಬೇಡಿ. ಆಗಲ್ಲ ಅನ್ನೋಕೆ ಏನು ಕಷ್ಟ?

ಬಾಗಲಕೋಟೆಯ ಅಕ್ಕ:
ನಾನು ಗೃಹಲಕ್ಷ್ಮಿಯ 2,000 ನಾಲ್ಕು ಕಂತು ಕೂಡಿಟ್ಟು ಮಿಷಿನ್ ತಗೊಂಡೆ. ಈಗ ಓಣಿಯವರ ಕುಬಸ ಎಲ್ಲ ನನ್ನ ಹತ್ತಿರವೇ ಬರುತ್ತವೆ. ಆದರೆ ಮೊದಲ ಕುಬಸಕ್ಕೆ ಗುಳೇದಗುಡ್ಡದ ಖಣ ಕತ್ತರಿಸಿದ್ದು ನನ್ನ ದೊಡ್ಡ ತಪ್ಪು. ಹೊಲಿಗೆ ವಿಡಿಯೋಗಳಲ್ಲಿ ಹೇಳೋದೆಲ್ಲ ದೊಡ್ಡ ಪನ್ನದ (ಅಗಲದ) ಬಟ್ಟೆಗೆ. ಖಣದ ಪನ್ನ ಸಣ್ಣದು, ಎರಡೂ ಬದಿಗೆ ಅಂಚು. ಆ ಅಂಚು ತೋಳಿನ ತುದಿಗೆ ಬಂದರೇನೇ ಚೆಂದ. ನಾನು ಬೆನ್ನು, ಎದೆ ಮೊದಲು ಕತ್ತರಿಸಿ ಆಮೇಲೆ ನೋಡಿದರೆ ತೋಳಿಗೆ ಅಂಚೇ ಉಳಿದಿರಲಿಲ್ಲ. ನಮ್ಮ ಅವ್ವ ಇಳಕಲ್ ಸೀರೆ ಮೇಲೆ ಉಡಲಿ ಅಂತ ಕೊಟ್ಟ ಖಣ ಅದು. ಆ ತುಂಡುಗಳನ್ನ ಕೌದಿಗೆ ಹಾಕಿದೆ. ಈಗ ಮೊದಲು ತೋಳು ಇಟ್ಟುಕೊಂಡೇ ಉಳಿದದ್ದು ಕತ್ತರಿಸೋದು.

ಬೆಂಗಳೂರಿನಿಂದ:
ಅಂದರೆ ನಮ್ಮ ತೆರಿಗೆ ದುಡ್ಡಲ್ಲಿ ಮಿಷಿನ್ ಬಂತು ಅನ್ನಿ.

ಬಾಗಲಕೋಟೆಯ ಅಕ್ಕ:
ಸೋಪು, ಎಣ್ಣೆ, ದಾರ ಕೊಂಡಾಗ ನಾವೂ ತೆರಿಗೆ ಕಟ್ಟೇ ಕಟ್ಟುತ್ತೇವೆ ಸರ್. ಆ ದುಡ್ಡಲ್ಲಿ ನಾನು ದುಡಿದು ತಿನ್ನುತ್ತಿದ್ದೇನೆ.

ಹಾಸನದ ಅಕ್ಕ:
ಸರಿಯಾಗಿ ಹೇಳಿದಿರಿ ಅಕ್ಕ. ಬೆಂಗಳೂರಿನವರೇ, ಹೊಲಿಗೆ ಬಗ್ಗೆ ಇದ್ದರೆ ಬರೀರಿ, ಇಲ್ಲಾಂದ್ರೆ ಬಿಡಿ.

ನ್ಯೂಜೆರ್ಸಿಯಿಂದ:
ಹೊರದೇಶದಲ್ಲಿ ಇರೋರು ಯಾರಾದರೂ ಓದುತ್ತಿದ್ದರೆ ನನ್ನ ತಪ್ಪು ಮಾಡಬೇಡಿ. ಊರಿಂದ ಮೋಟರ್ ಮಿಷಿನ್ ಹೊತ್ತು ತಂದೆ. ಬ್ಯಾಗಿಗೆ 23 ಕೆಜಿ ಮಿತಿ, ಮಿಷಿನ್ ಹಿಡಿಸೋಕೆ ಅಮ್ಮ ಮಾಡಿಕೊಟ್ಟ ಹುಳಿಪುಡಿ, ಸಾರಿನಪುಡಿ ಬಿಟ್ಟು ಬಂದೆ. ಇಲ್ಲಿ ಕರೆಂಟು 120 ವೋಲ್ಟ್, ಮೋಟರ್ 230ರದ್ದು. ತಿರುಗುತ್ತೆ, ದಪ್ಪ ಬಟ್ಟೆ ಬಂದರೆ ನಿಂತುಬಿಡುತ್ತೆ. ವೋಲ್ಟೇಜ್ ಏರಿಸೋ ಪೆಟ್ಟಿಗೆಗೆ 60 ಡಾಲರ್ ಆಯಿತು.

ಇನ್ನೊಂದು ಮಾತು. ಲೈನಿಂಗ್ ಬಟ್ಟೆಯನ್ನ ನೀರಲ್ಲಿ ನೆನೆಸಿ ಒಣಗಿಸದೆ ಹೊಲಿಯಲೇಬೇಡಿ. ಕಾಟನ್ ಲೈನಿಂಗ್ ಕುಗ್ಗಿತು, ಮೇಲಿನ ಬಟ್ಟೆ ಕುಗ್ಗಲಿಲ್ಲ. ಒಂದೇ ಒಗೆತಕ್ಕೆ ರವಿಕೆ ಪೂರ್ತಿ ಸುಕ್ಕು. ಎರಡು ಭಾನುವಾರ ಕೂತು ಹೊಲಿದಿದ್ದೆ.

ಶಿವಮೊಗ್ಗದ ಹೊಸಬಳು:
ಎಲ್ಲರಿಗೂ ಧನ್ಯವಾದ. ಆದರೆ ನಾನು ಕೇಳಿದ್ದು ಕುರ್ತಾ. ರವಿಕೆ ಆಮೇಲೆ. ಮತ್ತೆ ಆ ಮಂಚದ ಕೆಳಗಿನ ವಿಷಯ...

ದಾವಣಗೆರೆ ಟೈಲರ್:
ಎರಡೂವರೆ ಮೀಟರ್ ಅಗ್ಗದ ಕಾಟನ್ ತಗೊಂಡು ನೆನೆಸಿ ಒಣಗಿಸಿ. ನಿಮಗೆ ಸರಿಯಾಗಿ ಕೂರೋ ಹಳೇ ಕುರ್ತಾ ಇಟ್ಟು ನ್ಯೂಸ್‌ಪೇಪರ್ ಮೇಲೆ ಗೆರೆ ಹಾಕಿ. ಪಕ್ಕಕ್ಕೆ ಎರಡು ಇಂಚು ಮಾರ್ಜಿನ್ ಬಿಡಿ. ತಪ್ಪಾದರೆ ಬಿಚ್ಚಿ ಅಗಲ ಮಾಡಬಹುದು.

ಹಾಸನದ ಅಕ್ಕ:
ಎರಡು ಇಂಚು ಯಾಕೆ? ಒಂದು ಸಾಕು. ಎರಡು ಬಿಟ್ಟರೆ ಕಂಕುಳಲ್ಲಿ ಗಡ್ಡೆ ಕಟ್ಟುತ್ತೆ.

ದಾವಣಗೆರೆ ಟೈಲರ್:
ಅಕ್ಕ, ಹೊಸಬರಿಗೆ ಹೇಳ್ತಿರೋದು. ನಾಲ್ಕು ರವಿಕೆ ಹಾಳಾಯಿತು ಅಂದವರು ನೀವೇ. ಒಂದು ಇಂಚು ಬಿಟ್ಟರೆ ಅವರಿಗೂ ಹಾಗೇ ಆಗಲಿ ಅಂತಲಾ?

ಹಾಸನದ ಅಕ್ಕ:
ನನ್ನದು ಕಂಕುಳ ತಪ್ಪು, ಮಾರ್ಜಿನ್ ತಪ್ಪಲ್ಲ. ಸರಿಯಾಗಿ ಓದಿ ಆಮೇಲೆ ಮಾತಾಡಿ.

ತುಮಕೂರಿನಿಂದ:
ಶಿವಮೊಗ್ಗದವರೇ, ನನ್ನ 16,500ರ ಮಿಷಿನ್ 7,000ಕ್ಕೆ ಕೊಡ್ತೀನಿ, ಮಂಚದ ಕೆಳಗೆ ಹಿಡಿಯುತ್ತೆ. ಕಂತು ಮುಗಿದಿದೆ. ಬಂದು ಒಂದು ಮೀಟರ್ ಬಟ್ಟೆ ಹೊಲಿದು ನೋಡಿಯೇ ತಗೊಳ್ಳಿ. ದಾರ ಹಾಕೋದನ್ನ ನಾನೇ ತೋರಿಸಿಕೊಡ್ತೀನಿ.

ಮೈಸೂರಿನಿಂದ:
ಮಾರೋದಾದರೆ ನನಗೂ ಹೇಳಬಹುದಿತ್ತು. ಹೋದ ತಿಂಗಳು ಇಂಥದ್ದೇ ಹಳೇದಕ್ಕೆ 9,500 ಕೊಟ್ಟೆ.