ಕೋಶಸಾವಿನ ಜೀನ್ ಪರೀಕ್ಷೆ ಅಪ್ಪನಿಗೆ ಬೇಕೇ?

ಪ್ರಶ್ನೆ: ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಎರಡನೇ ಹಂತ. ಶಸ್ತ್ರಚಿಕಿತ್ಸೆ ಮುಗಿದಿದೆ. ಜೀವಕೋಶಗಳ ಸಾವನ್ನು ನಿಯಂತ್ರಿಸುವ ಜೀನ್‌ಗಳಿಂದ ರೋಗದ ಗತಿಯನ್ನು ಊಹಿಸಬಹುದೆಂದು ಓದಿದೆ. ಮಾಡಿಸಲೇ?

ಉತ್ತರ: ರೋಗಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ದಯವಿಟ್ಟು ಅದಕ್ಕೆ ಹಣ ಸುರಿಯಬೇಡಿ. ಹಾಳಾದ ಕೋಶವನ್ನು ಸಾವಿಗೆ ತಳ್ಳುವ ಟಿಪಿ53 ಜೀನ್ ಅರ್ಧಕ್ಕಿಂತ ಹೆಚ್ಚು ಕರುಳಿನ ಗಡ್ಡೆಗಳಲ್ಲಿ ಕೆಟ್ಟಿರುತ್ತದೆ. ಅದೊಂದರಿಂದ ನಿಮ್ಮ ತಂದೆಯವರ ಬಗ್ಗೆ ಏನೂ ಹೇಳಲಾಗದು. ಫೆರಾಪ್ಟೋಸಿಸ್ (ಕಬ್ಬಿಣವನ್ನು ಅವಲಂಬಿಸಿದ ಒಂದು ಬಗೆಯ ಕೋಶಸಾವು) ಜೀನ್‌ಗಳ ಪಟ್ಟಿಗಳು ಇನ್ನೂ ಸಂಶೋಧನೆಯ ಮಟ್ಟದಲ್ಲಿವೆ. ವರದಿಯಲ್ಲಿ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ, ಡಿಎನ್‌ಎ ತಪ್ಪುಗಳನ್ನು ತಿದ್ದುವ ಪ್ರೋಟೀನ್‌ಗಳ ಸಾಲುಗಳಿವೆಯೇ?

ಪ್ರಶ್ನೆ ಕೇಳಿದವರು: ಇವೆ. ಮೊದಲ ಎರಡರ ಎದುರು ‘ಇಲ್ಲ’ ಎಂದಿದೆ. ಭಯವಾಗುತ್ತಿದೆ.

ಉತ್ತರ: ಭಯ ಬೇಡ. ಎರಡನೇ ಹಂತದಲ್ಲಿ ಗಡ್ಡೆಯಲ್ಲಿ ಈ ಪ್ರೋಟೀನ್‌ಗಳು ಇಲ್ಲದಿರುವುದು ಸಾಮಾನ್ಯವಾಗಿ ಒಳ್ಳೆಯ ಸೂಚನೆ. ರೋಗ ಮರುಕಳಿಸುವ ಸಾಧ್ಯತೆ ಕಡಿಮೆ.

ಇನ್ನೊಬ್ಬರು: ಬಿಆರ್‌ಎಎಫ್ ಎಂಬ ಜೀನ್‌ನ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಅದರಲ್ಲಿ ಬದಲಾವಣೆ ಕಾಣದಿದ್ದರೆ ಲಿಂಚ್ ಸಿಂಡ್ರೋಮ್ (ಕ್ಯಾನ್ಸರ್ ಅಪಾಯ ಹೆಚ್ಚಿಸುವ ಆನುವಂಶಿಕ ಸ್ಥಿತಿ) ಇರಬಹುದು. ಆಗ ನೀವು, ನಿಮ್ಮ ಒಡಹುಟ್ಟಿದವರು ಕೂಡ ತಪಾಸಣೆ ಮಾಡಿಸಿಕೊಳ್ಳಬೇಕಾದೀತು.